ಇಡ್ಲಿ ಗಾಡಿಗೆ ಡೋರ್ ನಂಬರ್ ಎಷ್ಟು?

ಭಾನುವಾರ ಬೆಳಿಗ್ಗೆ ಹಲಸೂರು ಕೆರೆ ಕಡೆ ಒಂದು ಸುತ್ತು ನಡೆದು, ವಾಪಸ್ ಬರುವಾಗ ಅಕ್ಕನ ಗಾಡಿ ಮುಂದೆ ನಿಂತು ನಾಲ್ಕು ಇಡ್ಲಿ ತಿನ್ನೋದು ನನ್ನ ಹತ್ತು ಹನ್ನೆರಡು ವರ್ಷದ ಅಭ್ಯಾಸ. ನಡೆದು ಕರಗಿಸಿದ್ದನ್ನ ಇಡ್ಲಿ ವಡೆ ವಾಪಸ್ ತುಂಬಿಸುತ್ತೆ, ಲೆಕ್ಕ ಸರಿಹೋಗುತ್ತೆ :) ಅಕ್ಕನ ಹೆಸರು ಇಲ್ಲಿ ಬೇಡ. ಮನೆಮಾತು ತಮಿಳು, ಗಿರಾಕಿ ಹತ್ತಿರ ಕನ್ನಡ, ಬೈಯೋವಾಗ ಎರಡೂ. ನನ್ನನ್ನ ಮೊದಲಿಂದಲೂ "ತಂಬಿ" ಅಂತಾನೇ ಕರೆಯೋದು.

2020ರಲ್ಲಿ ಲಾಕ್‌ಡೌನ್ ಸಡಿಲವಾಗಿ ಗಾಡಿ ಮತ್ತೆ ಬೀದಿಗೆ ಬಂದ ಹೊಸತು. ಅವತ್ತು ಅಕ್ಕ ಚಟ್ನಿ ಹಾಕೋದು ಬಿಟ್ಟು ನನ್ನ ಕೈಗೆ ಒಂದು ಅರ್ಜಿ ಕೊಟ್ಟರು. "ತಂಬಿ, ನೀನು ಓದ್ದೋನು, ಇದನ್ನ ತುಂಬಿ ಕೊಡು. ಲೋನ್ ಕೊಡ್ತಾರಂತೆ." ಹೆಸರು, ವಯಸ್ಸು, ಆಧಾರ್ ನಂಬರ್ ಎಲ್ಲ ಸಲೀಸಾಗಿ ತುಂಬಿದೆ. ಮುಂದಿನ ಕಾಲಂ - ವ್ಯಾಪಾರ ಮಾಡುವ ಸ್ಥಳದ ವಿಳಾಸ. ಪೆನ್ನು ಅಲ್ಲೇ ನಿಂತಿತು. ಇಡ್ಲಿ ಗಾಡಿಗೆ ಡೋರ್ ನಂಬರ್ ಎಲ್ಲಿಂದ ತರೋದು? ಕೊನೆಗೆ "ಹೊಂಗೆ ಮರದ ಕೆಳಗೆ, ಟ್ರಾನ್ಸ್‌ಫಾರ್ಮರ್ ಪಕ್ಕ" ಅಂತ ಬರೆದೆ. ನಗಬೇಡಿ, ನಿಜವಾಗ್ಲೂ ಹಾಗೇ ಬರೆದೆ.

ಅದರ ಕೆಳಗಿನ ಕಾಲಂ ಇನ್ನೂ ಕಷ್ಟ. ಎಷ್ಟು ವರ್ಷದಿಂದ ಇಲ್ಲಿ ವ್ಯಾಪಾರ ಮಾಡುತ್ತಿದ್ದೀರಿ, ಪುರಾವೆ ಏನು? ನಾನು ತಲೆ ಕೆರ್ಕೊಳ್ತಾ ಇದ್ದೆ. ಅಕ್ಕ ಗಾಡಿಯ ಕೆಳಗಿನ ಖಾನೆಯಿಂದ, ಅಕ್ಕಿ ಹಿಟ್ಟಿನ ಡಬ್ಬದ ಹಿಂದಿನಿಂದ, ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಹದಿನಾಲ್ಕು ರಸೀದಿ. ಎಲ್ಲ ದಂಡ ಕಟ್ಟಿದ ರಸೀದಿ! ರಸ್ತೆಗೆ ಅಡಚಣೆ ಮಾಡಿದ್ದಕ್ಕೆ ಇಂತಿಷ್ಟು ಅಂತ ಬರೆದು ಸೀಲ್ ಒತ್ತಿದ್ದು. ಎಲ್ಲಕ್ಕಿಂತ ಹಳೆಯದು 2003ರದ್ದು. ಯಾವ ಕಚೇರಿಯ ಸೀಲ್ ಅನ್ನೋದು ಇಲ್ಲಿ ಮುಖ್ಯ ಅಲ್ಲ.

"ಇದನ್ನ ಯಾಕಕ್ಕಾ ಇಟ್ಕೊಂಡಿದೀರ?" ಅಂದೆ.

"ಮತ್ತೆ ನಾನು ಇಲ್ಲೇ ಇದ್ದೆ ಅಂತ ಬರೆದು ಸೈನ್ ಹಾಕಿ ಕೊಟ್ಟೋರು ಬೇರೆ ಯಾರಿದಾರೆ ತಂಬಿ?"

ಅವತ್ತು ತಲೆಗೆ ಹೊಕ್ಕ ಹುಳ ಇದು. ಬೀದೀಲಿ ಒಂದು ಗಾಡಿ ನಿಲ್ಲಿಸೋಕೆ ನಮ್ಮ ಈ ದಂಡುಪ್ರದೇಶದ ಕಡೆ ಯಾವ ಕಾಲದಲ್ಲಿ ಯಾರು ಅನುಮತಿ ಕೊಡ್ತಿದ್ರು, ಯಾವ ಚೀಟಿ ಕೊಡ್ತಿದ್ರು, ಆ ಚೀಟಿಗೆ ಏನು ಬೆಲೆ ಇತ್ತು ಅಂತ ಆಗಾಗ ಹುಡುಕಿ ಓದ್ತಾ ಬಂದೆ. ಓದಿದ್ದನ್ನ ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಕಾಫಿ ತಗೊಂಡು ಕೂತ್ಕೊಳ್ಳಿ.

*

ಬ್ರಿಟಿಷರ ದಂಡು ಶ್ರೀರಂಗಪಟ್ಟಣದ ಸೊಳ್ಳೆ, ಜ್ವರ ತಾಳಲಾರದೆ ಬೆಂಗಳೂರಿಗೆ ಬಂದು ನೆಲೆ ನಿಂತಿದ್ದು 1809ರಲ್ಲಿ. ಹಲಸೂರು ಅದಕ್ಕೂ ಮೊದಲೇ ಇದ್ದ ಊರು, ಸೋಮೇಶ್ವರ ದೇವಸ್ಥಾನವೇ ಸಾಕ್ಷಿ. ದಂಡು ಅಂದರೆ ಬರೀ ಸಿಪಾಯಿಗಳಲ್ಲ. ಅವರಿಗೆ ಅಡುಗೆ ಮಾಡೋರು, ಬಟ್ಟೆ ಒಗೆಯೋರು, ಹುಲ್ಲು ತರೋರು, ಕುದುರೆ ನೋಡಿಕೊಳ್ಳೋರು, ಮಾಂಸ ತರಕಾರಿ ಮಾರೋರು... ದೊಡ್ಡ ಸಂತೆಯೇ ಹಿಂದೆ ಬಂತು. ಅದರಲ್ಲಿ ತಮಿಳು ಸೀಮೆಯಿಂದ ಬಂದವರು ಬಹಳ. ಹಲಸೂರು ಬಜಾರು, ಆಗ ಬ್ಲಾಕ್‌ಪಲ್ಲಿ ಅಂತಿದ್ದ ಇವತ್ತಿನ ಶಿವಾಜಿನಗರ, ಇವೆಲ್ಲ ಬೆಳೆದಿದ್ದು ಹೀಗೆ. ಅಂದರೆ ನಮ್ಮ ಕಡೆ ಬೀದಿಯ ವ್ಯಾಪಾರ ಅನ್ನೋದು ಊರು ಬೆಳೆದ ಮೇಲೆ ಹೊರಗಿನಿಂದ ಬಂದು ಸೇರ್ಕೊಂಡಿದ್ದಲ್ಲ. ಈ ಕಡೆಯ ಊರು ಬೆಳೆದದ್ದೇ ಅದರ ಜೊತೆಗೆ.

1862ರಲ್ಲಿ ಬೆಂಗಳೂರಿಗೆ ಪುರಸಭೆ ಬಂತು. ಒಂದಲ್ಲ, ಎರಡು! ಪೇಟೆಗೆ ಒಂದು, ದಂಡಿಗೆ ಒಂದು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ವಾಪಸ್ ಸಿಕ್ಕಿದಾಗಲೂ ದಂಡಿನ ಭಾಗ ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅನ್ನೋ ಹೆಸರಲ್ಲಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳೀತು. ಯೋಚಿಸಿ ನೋಡಿ, ಪೇಟೆಯಲ್ಲಿ ಬುಟ್ಟಿ ಇಳಿಸಿದರೆ ಮಹಾರಾಜರ ಸರ್ಕಾರದ ಕಾನೂನು, ಕಬ್ಬನ್ ಪಾರ್ಕ್ ದಾಟಿ ಬ್ಲಾಕ್‌ಪಲ್ಲಿಗೆ ಬಂದು ಇಳಿಸಿದರೆ ಬ್ರಿಟಿಷರ ಕಾನೂನು. ಬುಟ್ಟಿ ಒಂದೇ, ಕಡಲೆಕಾಯಿ ಒಂದೇ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆ ಕಡೆ ಬಸವನಗುಡಿ, ಮಲ್ಲೇಶ್ವರ, ದಂಡಿನ ಕಡೆ ಫ್ರೇಜರ್ ಟೌನ್ ಥರದ ಗಾಳಿ ಬೆಳಕಿನ ಬಡಾವಣೆಗಳು ಬೆಳೆದದ್ದು ಇದರ ನಂತರ. ಕಿರಿದಾದ ಗಲ್ಲಿ, ಜನಜಂಗುಳಿ, ನೆಲದ ಮೇಲೆ ಹರಡಿದ ಮಾಂಸ ಮೀನು ತರಕಾರಿ, ಇವೆಲ್ಲ ಆಡಳಿತದ ಕಣ್ಣಿಗೆ ರೋಗದ ಮನೆಯಾಗಿ ಕಾಣತೊಡಗಿದವು. ಪರಿಹಾರ? ಮಾರೋರನ್ನ ಒಂದು ಸೂರಿನ ಕೆಳಗೆ ತರೋದು. ಶಿವಾಜಿನಗರದ ರಸೆಲ್ ಮಾರ್ಕೆಟ್ ಇದೆಯಲ್ಲ, 1927ರಲ್ಲಿ ಕಟ್ಟಿದ್ದು, ಉದ್ಘಾಟನೆ ಆಗಿದ್ದು 1933ರಲ್ಲಿ. ಹೆಸರು ಅಲ್ಲಿನ ಮುನಿಸಿಪಲ್ ಕಮಿಷನರ್ ಆಗಿದ್ದ ಟಿ.ಬಿ. ರಸೆಲ್ ಅವರದು. ಕಟ್ಟಡ ಇವತ್ತಿಗೂ ನೋಡೋಕೆ ಚೆನ್ನ. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಎಷ್ಟೋ ಅಂಗಡಿ ಸುಟ್ಟುಹೋದರೂ ಮತ್ತೆ ಎದ್ದು ನಿಂತಿತು.

ಆದರೆ ಸೂರು ಬಂದಾಗ ಒಂದು ಗೆರೆಯೂ ಬಂತು. ಒಳಗೆ ಮಳಿಗೆ ನಂಬರ್ ಇದ್ದೋನು ವ್ಯಾಪಾರಿ, ಹೊರಗೆ ಗೋಣಿಚೀಲ ಹಾಸಿಕೊಂಡು ಕೂತೋನು ಅಡಚಣೆ. ರಸೆಲ್ ಮಾರ್ಕೆಟ್ ಚೌಕಕ್ಕೆ ಯಾವತ್ತಾದರೂ ಸಂಜೆ ಹೋಗಿ ನೋಡಿ. ಒಳಗಿರೋರಷ್ಟೇ ಹೊರಗೂ ಇದಾರೆ. ಸೂರಿನ ಅಳತೆ ಅಷ್ಟೇ ಇತ್ತು, ಊರು ಬೆಳೀತಾನೇ ಹೋಯ್ತು.

*

1947ರ ಜುಲೈ 26ಕ್ಕೆ, ಸ್ವಾತಂತ್ರ್ಯಕ್ಕೆ ಇಪ್ಪತ್ತು ದಿನ ಮುಂಚೆ, ದಂಡುಪ್ರದೇಶ ಮೈಸೂರಿಗೆ ವಾಪಸ್ ಬಂತು. 1949ರಲ್ಲಿ ಎರಡೂ ಪುರಸಭೆ ಸೇರಿ ಒಂದೇ ಕಾರ್ಪೊರೇಷನ್ ಆಯ್ತು. ಮುಂದೆ 1976ರಲ್ಲಿ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ. ನಮ್ಮ ಕಥೆಗೆ ಬೇಕಾದ ಎರಡು ಕಲಂ ಇದರಲ್ಲಿವೆ.

ಒಂದು, 353ನೇ ಕಲಂ. ಉದ್ದಿಮೆ ಪರವಾನಗಿ, ನಾವು ಆಡುಮಾತಲ್ಲಿ ಟ್ರೇಡ್ ಲೈಸೆನ್ಸ್ ಅಂತೀವಲ್ಲ, ಅದು ಹುಟ್ಟೋದು ಇಲ್ಲಿ. ಕಾಯ್ದೆ ಹೇಳೋದು ಏನಂದರೆ, ಪಟ್ಟಿಯಲ್ಲಿರುವ ಉದ್ದಿಮೆಗೆ ಯಾವುದೇ ಜಾಗವನ್ನ ಲೈಸೆನ್ಸ್ ಇಲ್ಲದೆ ಬಳಸುವಂತಿಲ್ಲ. ಗಮನಿಸಿ, ಜಾಗ. ಲೈಸೆನ್ಸ್ ಅಂಟಿಕೊಳ್ಳೋದು ಜಾಗಕ್ಕೆ. ಹೋಟೆಲ್ಲಿಗೆ ಬಾಡಿಗೆ ಕರಾರು ಇರುತ್ತೆ, ಖಾತೆ ಇರುತ್ತೆ, ಡೋರ್ ನಂಬರ್ ಇರುತ್ತೆ. ಗಾಡಿಗೆ ಇರೋದು ನಾಲ್ಕು ಚಕ್ರ.

ಎರಡು, 288-ಡಿ. ಸಾರ್ವಜನಿಕ ಜಾಗದಲ್ಲಿ ಮಾರಾಟಕ್ಕೆ ಇಟ್ಟ ಯಾವುದೇ ವಸ್ತುವನ್ನ ಕಮಿಷನರ್ ನೋಟಿಸ್ ಇಲ್ಲದೆ ತೆಗೆಸಬಹುದು. ನೋಟಿಸ್ ಇಲ್ಲದೆ! ಕನ್ನಡದಲ್ಲಿ "ಎತ್ತಂಗಡಿ" ಅಂತ ಒಂದು ಪದ ಇದೆ. ಈಗ ಅಧಿಕಾರಿಗಳ ವರ್ಗಾವಣೆಗೆ ಬಳಸ್ತೀವಿ. ಎತ್ತು, ಅಂಗಡಿ ಅಂತ ಬಿಡಿಸಿ ಓದಿದಾಗ ನನಗೆ ಕಾಣೋದು ಮಾತ್ರ ಅಕ್ಕನ ಗಾಡಿ.

ಹೀಗೆ ಒಂದು ಕಲಮಿನಲ್ಲಿ ಜಾಗ ಇಲ್ಲದೋರಿಗೆ ಲೈಸೆನ್ಸ್ ಇಲ್ಲ. ಇನ್ನೊಂದರಲ್ಲಿ ಲೈಸೆನ್ಸ್ ಇಲ್ಲದೋರಿಗೆ ಜಾಗ ಇಲ್ಲ. ಕೋಳಿ ಮೊದಲಾ ಮೊಟ್ಟೆ ಮೊದಲಾ?

ಹಾಗಂತ ದುಡ್ಡು ತಗೊಳ್ಳೋದನ್ನ ಯಾವ ಊರೂ ಬಿಟ್ಟಿರಲಿಲ್ಲ. ಕೆ.ಆರ್.ಪುರದ ಕಡೆಯವರಿಗೆ ಗೊತ್ತಿರುತ್ತೆ, ಹಳೇ ಮದ್ರಾಸ್ ರಸ್ತೆಯ ವಾರದ ಸಂತೆ. ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಸಂತೆಯ ಸುಂಕ ಎತ್ತೋ ಹಕ್ಕನ್ನ ವರ್ಷಕ್ಕೊಂದು ಸಲ ಹರಾಜು ಹಾಕೋ ಪದ್ಧತಿ ನಡೆದುಕೊಂಡು ಬಂದಿದೆ. ಹರಾಜು ಹಿಡಿದೋರ ಕಡೆಯ ಹುಡುಗ ಬೆಳಿಗ್ಗೆ ಬಂದು ಚೀಟಿ ಹರಿದು ಕೊಡ್ತಾನೆ, ಸಂಜೆಗೆ ಆ ಚೀಟಿಯ ಆಯುಸ್ಸು ಮುಗೀತು. ಮುಂಬಯಿಯಲ್ಲೂ ಇದೇ ಥರ. ಲೈಸೆನ್ಸ್ ಇಲ್ಲದ ವ್ಯಾಪಾರಿಗಳಿಂದ ಕಸ ತೆಗೆಯೋ ಶುಲ್ಕ ಅಂತ ದುಡ್ಡು ತಗೊಂಡು ರಸೀದಿ ಕೊಡ್ತಿದ್ರು. ರಸೀದಿ ನಿಜ, ದುಡ್ಡು ನಿಜ, ಅನುಮತಿ ಮಾತ್ರ ಅಲ್ಲ.

ಇಷ್ಟು ಓದೋ ಹೊತ್ತಿಗೆ ಅಕ್ಕನ ಪ್ಲಾಸ್ಟಿಕ್ ಕವರ್ ನನಗೆ ಬೇರೆ ಥರ ಕಾಣತೊಡಗಿತು. ದುಡ್ಡು ಇಸ್ಕೊಳ್ಳೋವಾಗ ಊರಿಗೆ ಗಾಡಿ ಚೆನ್ನಾಗಿ ಕಾಣುತ್ತೆ. ಜಾಗ ಕೇಳೋವಾಗ ಕಾಣಲ್ಲ.

*

ಬದಲಾವಣೆ ಶುರುವಾಗಿದ್ದು ಕೋರ್ಟುಗಳಿಂದ. 1985ರಲ್ಲಿ ವರದಿಯಾದ ಬಾಂಬೆ ಹಾಕರ್ಸ್ ಯೂನಿಯನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮಾರಬಹುದಾದ ವಲಯ, ಮಾರಬಾರದ ವಲಯ ಅಂತ ಗುರುತಿಸಬೇಕು ಅಂದಿತು. 1989ರಲ್ಲಿ ಸೋಧನ್ ಸಿಂಗ್ ಅನ್ನೋ ದೆಹಲಿಯ ಬೀದಿ ವ್ಯಾಪಾರಿಯ ಮೊಕದ್ದಮೆ. ಐದು ಜನ ನ್ಯಾಯಮೂರ್ತಿಗಳ ಪೀಠ ಬೀದಿ ವ್ಯಾಪಾರವೂ ಸಂವಿಧಾನದ 19(1)(ಜಿ) ವಿಧಿಯಡಿ ಬರುವ ವ್ಯಾಪಾರವೇ ಅಂತ ಒಪ್ಪಿತು. ಜೊತೆಗೆ ಇನ್ನೊಂದು ಮಾತೂ ಹೇಳಿತು: ಫುಟ್‌ಪಾತಿನ ಇಂಥದ್ದೇ ಜಾಗ ಶಾಶ್ವತವಾಗಿ ನನ್ನದು ಅನ್ನೋ ಹಕ್ಕು ಯಾರಿಗೂ ಇಲ್ಲ. 2010ರಲ್ಲಿ ಗೇಂದಾ ರಾಮ್ ಮೊಕದ್ದಮೆಯಲ್ಲಿ, 2011ರ ಜೂನ್ 30ರ ಒಳಗೆ ಇದಕ್ಕೊಂದು ಕಾನೂನು ಮಾಡಿ ಅಂತ ಸರ್ಕಾರಕ್ಕೆ ಗಡುವು ಕೊಟ್ಟಿತು. ಗಡುವು ದಾಟಿತು ಬಿಡಿ, ಆದರೂ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು.

ಓದಿದರೆ ಒಳ್ಳೆ ಕಾಯ್ದೆ. ಮೊದಲು ಎಲ್ಲರನ್ನೂ ಎಣಿಸಬೇಕು. ಎಣಿಕೆ ಮುಗಿದು ಪ್ರಮಾಣಪತ್ರ ಕೊಡೋವರೆಗೆ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಐದು ವರ್ಷಕ್ಕೊಮ್ಮೆಯಾದರೂ ಮತ್ತೆ ಎಣಿಸಬೇಕು. ಜಾಗ ಬದಲಿಸಬೇಕಾದರೆ 30 ದಿನದ ನೋಟಿಸ್. ಸಾಮಾನು ಹಿಡಿದುಕೊಂಡು ಹೋದರೆ ಪಟ್ಟಿ ಕೊಡಬೇಕು, ಕೊಳೆಯೋ ಪದಾರ್ಥವನ್ನ ಅದೇ ದಿನ, ಉಳಿದದ್ದನ್ನ ಎರಡು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು. ಎಲ್ಲಿ ಯಾರು ನಿಲ್ಲಬೇಕು ಅಂತ ಹೇಳೋ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ರಷ್ಟು ಬೀದಿ ವ್ಯಾಪಾರಿಗಳೇ ಚುನಾಯಿತರಾಗಿ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಪ್ರಮಾಣಪತ್ರವನ್ನ ಬಾಡಿಗೆಗೆ ಕೊಡುವಂತಿಲ್ಲ, ಆದರೆ ವ್ಯಾಪಾರಿ ತೀರಿಕೊಂಡರೆ ಅಥವಾ ಹಾಸಿಗೆ ಹಿಡಿದರೆ ಗಂಡ, ಹೆಂಡತಿ ಅಥವಾ ಅವಲಂಬಿತ ಮಕ್ಕಳು ಮುಂದುವರಿಸಬಹುದು. ಈ ಕೊನೆಯದನ್ನ ಅಕ್ಕನಿಗೆ ಹೇಳಿದಾಗ ಅವರು ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡರು. ಅತ್ತೆಯ ಗಾಡಿ ಅದು. ಅತ್ತೆ ತೀರಿಕೊಂಡಾಗ ಯಾವ ಕಾಗದವೂ ಕೈ ಬದಲಾಗಿರಲಿಲ್ಲ, ಯಾಕಂದ್ರೆ ಕಾಗದವೇ ಇರಲಿಲ್ಲ.

ಇನ್ನೊಂದು ಲೆಕ್ಕ ನೋಡಿ. ಒಂದು ಊರಿನ ಜನಸಂಖ್ಯೆಯ ಶೇಕಡಾ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಕೊಡಬಹುದು ಅನ್ನುತ್ತೆ ಕಾಯ್ದೆ. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನ ಸುಮಾರು 84 ಲಕ್ಷ. ಅದರ ಶೇಕಡಾ 2.5 ಅಂದರೆ ಎರಡು ಲಕ್ಷ ಚಿಲ್ಲರೆ. 2017ರ ಸಮೀಕ್ಷೆಯಲ್ಲಿ ಸಿಕ್ಕಿದ್ದು ಸುಮಾರು 25 ಸಾವಿರ.

ಅಕ್ಕ ಆ 25 ಸಾವಿರದಲ್ಲಿ ಇಲ್ಲ. ಸಮೀಕ್ಷೆಯೋರು ಬಂದ ವಾರ ಮಗಳ ಹೆರಿಗೆ ಅಂತ ಊರಿಗೆ ಹೋಗಿದ್ದರು. ಯಾರ ತಪ್ಪೂ ಅಲ್ಲ. ಗಾಡಿ ಮನೆ ಮುಂದೆ ಟಾರ್ಪಾಲ್ ಹೊದ್ದುಕೊಂಡು ನಿಂತಿತ್ತು. ಹೊಂಗೆ ಮರದ ಕೆಳಗೆ ಯಾರೂ ಇರಲಿಲ್ಲ, ಹಾಗಾಗಿ ಯಾರನ್ನೂ ಬರಕೊಳ್ಳಲಿಲ್ಲ. ಅಂಗಡಿಗೆ ಬೀಗ ಹಾಕಿದ್ದರೂ ಬೋರ್ಡು ಇರುತ್ತೆ. ಗಾಡಿ ಹೋದರೆ ಬರೀ ರಸ್ತೆ.

2020ರ ಜೂನ್‌ನಲ್ಲಿ ಪಿಎಂ ಸ್ವನಿಧಿ ಯೋಜನೆ ಬಂದಾಗಲೇ ಈ ಗೈರುಹಾಜರಿಯ ಬೆಲೆ ಗೊತ್ತಾಗಿದ್ದು. ಆಗ ಮೊದಲ ಸಾಲ ಹತ್ತು ಸಾವಿರ ಇತ್ತು. ಸಮೀಕ್ಷೆಯ ಕಾರ್ಡ್ ಇದ್ದೋರಿಗೆ ಸಲೀಸು. ಇಲ್ಲದೋರಿಗೆ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ ಬೇಕು. ನಾನು ಹೊಂಗೆ ಮರದ ವಿಳಾಸ ಬರೆದಿದ್ದು ಅದೇ ಅರ್ಜಿಯಲ್ಲಿ. ದಂಡದ ರಸೀದಿಗಳ ಜೆರಾಕ್ಸ್ ಹಚ್ಚಿ ಕೊಟ್ಟೆವು. ಕೌಂಟರಿನಲ್ಲಿದ್ದವರು ತಿರುಗಿಸಿ ತಿರುಗಿಸಿ ನೋಡಿ, "ಇದು ದಂಡದ ರಸೀದಿ ಅಲ್ವೇನಮ್ಮಾ?" ಅಂದರು. "ಹೌದು ಸಾರ್, ಹದಿನೇಳು ವರ್ಷದ್ದು" ಅಂದರು ಅಕ್ಕ. ಅವರು ಒಂದು ನಿಮಿಷ ಸುಮ್ಮನಿದ್ದು, ನಕ್ಕು, ತಗೊಂಡರು. ಪತ್ರ ಬಂತು, ಸಾಲವೂ ಬಂತು. ಹೊಸ ಸ್ಟವ್ವು, ಒಂದು ದೊಡ್ಡ ಇಡ್ಲಿ ಪಾತ್ರೆ. ಕಂತೂ ತೀರಿತು.

ಆದರೆ ಸಾಲ ಸಿಕ್ಕಿತು ಅಂದರೆ ಜಾಗ ಸಿಕ್ಕಿತು ಅಂತ ಅಲ್ಲ. ಆಹಾರ ಸುರಕ್ಷತೆಯ ನೋಂದಣಿಯೂ ಅಷ್ಟೇ. 2011ರ ನಿಯಮಗಳಲ್ಲಿ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಬರೀ ನೂರು ರೂಪಾಯಿಯ ನೋಂದಣಿ ಸಾಕಿತ್ತು. ಅದು ಇಡ್ಲಿಗೆ ಸಂಬಂಧಪಟ್ಟಿದ್ದು, ಇಡ್ಲಿ ಬೇಯಿಸೋ ಆರು ಅಡಿ ನೆಲಕ್ಕಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಹೋದಾಗ ಬೆಂಗಳೂರಿನ ತುಂಬ "ಯುಪಿಐ ಇಲ್ಲ, ಕ್ಯಾಷ್ ಮಾತ್ರ" ಅಂತ ಚೀಟಿ ಅಂಟಿಸಿದ್ದು ನಿಮಗೂ ನೆನಪಿರಬಹುದು. ಅಕ್ಕನೂ ಎರಡು ವಾರ ಕ್ಯೂಆರ್ ಕೋಡ್ ಮೇಲೆ ಬಟ್ಟೆ ಮುಚ್ಚಿದ್ದರು. ಅವರಿಗೆ ನೋಟಿಸ್ ಏನೂ ಬಂದಿರಲಿಲ್ಲ, ಬರೋವಷ್ಟು ವಹಿವಾಟೂ ಇಲ್ಲ. ಆದರೂ ಭಯ. ಮೊದಲು ಕಾಣಿಸಿಕೊಳ್ಳೋದು ಯಾವಾಗಲೂ ದುಡ್ಡಿನ ವಿಷಯಕ್ಕೇ ಅಂತ ಅನುಭವ ಕಲಿಸಿದೆ.

*

ಒಂದು ಮಾತು. ಗಾಡಿಯವರ ಪರ ಮಾತ್ರ ಬರೆದೆ ಅಂತ ಬೈಬೇಡಿ. ನಮ್ಮಪ್ಪನಿಗೆ ಎಪ್ಪತ್ತೆಂಟು, ಕೋಲು ಹಿಡ್ಕೊಂಡು ನಡೀತಾರೆ. ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಫುಟ್‌ಪಾತಿನ ಮೇಲೆ ಗಾಡಿ ಇದ್ದರೆ ಅವರು ರಸ್ತೆಗೆ ಇಳೀಬೇಕು. 2011ರಲ್ಲಿ ಮೆಟ್ರೋ ಶುರುವಾದ ಮೇಲೆ ಆ ರಸ್ತೆಯಲ್ಲಿ ನಡೆಯೋರು ಜಾಸ್ತಿ, ಅವರಿಗೆ ಮಾರೋರೂ ಜಾಸ್ತಿ. ಸೈಟು ಹಂಚಿ ಬಡಾವಣೆ ಮಾಡೋವಾಗ ಮನೆ, ಪಾರ್ಕು, ರಸ್ತೆ ಎಲ್ಲಕ್ಕೂ ಗೆರೆ ಎಳೀತಾರೆ. ಸಂಜೆ ಅಲ್ಲಿ ಯಾರಾದರೂ ಸೊಪ್ಪು ಮಾರ್ತಾರೆ, ಪಾನಿಪುರಿ ಗಾಡಿ ನಿಲ್ಲುತ್ತೆ ಅಂತ ಯಾವ ನಕ್ಷೆಯಲ್ಲೂ ಬರೆದಿರಲ್ಲ. ಆಮೇಲೆ ಅಪ್ಪನ ಕೋಲಿಗೂ ಅಕ್ಕನ ಗಾಡಿಗೂ ಅದೇ ಮೂರಡಿ ಫುಟ್‌ಪಾತಿನಲ್ಲಿ ಜಗಳ. ಈ ಜಗಳ ಬಿಡಿಸೋಕೇ 2014ರ ಕಾಯ್ದೆ ಇರೋದು: ಇಲ್ಲಿ ಇಷ್ಟು ಜನ, ಈ ಹೊತ್ತಿಗೆ, ಇಷ್ಟು ಅಗಲದಲ್ಲಿ ಅಂತ ಗುರುತು ಹಾಕಿ ಬಿಟ್ಟರೆ ಇಬ್ಬರಿಗೂ ನೆಮ್ಮದಿ. ತಲೆ ಎಣಿಸಿ ಕಾರ್ಡ್ ಕೊಡೋದು ಅರ್ಧ ಕೆಲಸ. ನೆಲ ಅಳೆದು ಗೆರೆ ಹಾಕೋದು ಇನ್ನರ್ಧ.

2024-25ರಲ್ಲಿ ಮತ್ತೆ ಸಮೀಕ್ಷೆ ನಡೀತು. ಈ ಸಲ ಅಕ್ಕ ಎಲ್ಲಿಗೂ ಹೋಗಲಿಲ್ಲ. ನಿಜ ಹೇಳ್ತೀನಿ, ತಂಗಿ ಮನೆಯ ಗೃಹಪ್ರವೇಶಕ್ಕೂ ಹೋಗಲಿಲ್ಲ. ಜ್ವರ ಬಂದ ಎರಡು ದಿನವೂ ಇಡ್ಲಿ ಇಲ್ಲದ ಖಾಲಿ ಗಾಡಿ ತಂದು ನಿಲ್ಲಿಸಿ, ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿದ್ದರು. ಕೊನೆಗೊಂದು ದಿನ ಮೊಬೈಲ್ ಹಿಡಿದ ಹುಡುಗಿ ಬಂದು ಗಾಡಿ ಜೊತೆ ಫೋಟೋ ತೆಗೆದುಕೊಂಡು ಹೋದಳು. ಫೋಟೋದಲ್ಲಿ ಅಕ್ಕ ನಗ್ತಾ ಇರಲಿಲ್ಲವಂತೆ. "ಸರಕಾರದ ಫೋಟೋ ತಂಬಿ, ಹಲ್ಲು ಬಿಟ್ರೆ ಚೆನ್ನಾಗಿರಲ್ಲ."

ಕಾರ್ಡ್‌ಗೆ ಕಾಯ್ತಾ ಇರೋವಾಗಲೇ 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಯ್ತು. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಐದು ನಗರ ಪಾಲಿಕೆ. ಶಿವಾಜಿನಗರದ ಕಡೆ ಕೇಂದ್ರ ಪಾಲಿಕೆಗೆ, ಕೆ.ಆರ್.ಪುರ ಪೂರ್ವ ಪಾಲಿಕೆಗೆ. 1862ರಲ್ಲಿ ಎರಡು, 1949ರಲ್ಲಿ ಒಂದು, 2007ರಲ್ಲಿ ಕೆ.ಆರ್.ಪುರದಂಥ ನಗರಸಭೆಗಳನ್ನೂ ಸೇರಿಸಿಕೊಂಡು ದೊಡ್ಡದೊಂದು, ಈಗ ಐದು. ಅಕ್ಕನ ಅಳಿಯ ಕೆ.ಆರ್.ಪುರ ಮೆಟ್ರೋ ಸ್ಟೇಷನ್ ಹತ್ತಿರ ಸಂಜೆ ಎಗ್ ರೈಸ್ ಗಾಡಿ ಹಾಕ್ತಾನೆ. ಒಂದೇ ಮನೆಯ ಎರಡು ಗಾಡಿ, ಈಗ ಎರಡು ಪಾಲಿಕೆಯ ಲೆಕ್ಕದಲ್ಲಿ.

ಹೋದ ಭಾನುವಾರ ಕೇಳಿದೆ, "ಅಕ್ಕಾ, ಫೋಟೋ ತೆಗೆದುಕೊಂಡು ಹೋದ್ರಲ್ಲ, ಇನ್ನು ಆ ಹಳೇ ರಸೀದಿ ಎಸೀಬಹುದಲ್ವಾ?"

ಅಕ್ಕ ಇಡ್ಲಿ ತಟ್ಟೆಯಿಂದ ಬಟ್ಟೆ ಎಳೀತಾ ಇದ್ದೋರು ತಲೆ ಎತ್ತಿ ನೋಡಿದರು. "ಕಾರ್ಡ್ ಕೈಗೆ ಬರಲಿ. ಅದರಲ್ಲಿ ಈ ಮರದ ಹೆಸರು ಇದೆಯಾ ಅಂತ ನೀನು ಓದಿ ಹೇಳು. ಆಮೇಲೆ ನೋಡೋಣ."

ಕವರ್ ಈಗಲೂ ಅಕ್ಕಿ ಹಿಟ್ಟಿನ ಡಬ್ಬದ ಹಿಂದೆಯೇ ಇದೆ.

ನಿಮ್ಮೂರಿನ ಸಂತೆಯಲ್ಲಿ ದಿನದ ಚೀಟಿಗೆ ಏನಂತ ಕರೀತಾರೆ? ಸುಂಕ, ನೆಲಬಾಡಿಗೆ, ಜಕಾತಿ... ನಿಮ್ಮ ಮನೆಯ ಹಿರಿಯರು ಯಾರಾದರೂ ಗಾಡಿ, ಬುಟ್ಟಿ ವ್ಯಾಪಾರ ಮಾಡಿದ್ದರೆ ಅವರ ಹತ್ತಿರ ಹಳೇ ಚೀಟಿ ಇದೆಯಾ ಅಂತ ಒಮ್ಮೆ ಕೇಳಿ ನೋಡಿ. ಇದ್ದರೆ ದಯವಿಟ್ಟು ಎಸೀಬೇಡಿ, ನನಗೂ ತಿಳಿಸಿ.